ಆ ದಿನ ನಾನು ಅಲ್ಲಿದ್ದೆನೇ? ಬೀದಿಯ ಗೆಳೆಯನ ಸಾವು ಮತ್ತು 31 ವರ್ಷಗಳ ಮೌನ

ಮೂರನೇಮನೆ (ಚರ್ಚೆ ಆರಂಭಿಸಿದವರು)

ಬಹಳ ದಿನ ಹಿಂದೆಮುಂದೆ ನೋಡಿ ಇದನ್ನು ಬರೆಯುತ್ತಿದ್ದೇನೆ. ನಾನು ಬೆಳೆದದ್ದು ಹನ್ನೊಂದು ಮನೆಗಳ ಒಂದು ಸಣ್ಣ ಬೀದಿಯಲ್ಲಿ. ಹಗಲು ಹೊತ್ತಿನಲ್ಲಿ ಯಾರ ಮನೆಯ ಬಾಗಿಲಿಗೂ ಚಿಲಕ ಬೀಳುತ್ತಿರಲಿಲ್ಲ. ಮಗು ಯಾವ ಮನೆಯಲ್ಲಿ ಆಡುತ್ತ ನಿದ್ದೆ ಹೋಯಿತೋ ಆ ಮನೆಯಿಂದಲೇ ರಾತ್ರಿ ಎತ್ತಿಕೊಂಡು ಬರುತ್ತಿದ್ದರು. ನನಗೆ ಒಂಬತ್ತು ವರ್ಷವಾಗಿದ್ದಾಗ, ನನಗಿಂತ ಒಂದು ವರ್ಷ ಚಿಕ್ಕವನಾದ ಆರನೇ ಮನೆಯ ಹುಡುಗ ಬೀದಿಯ ಕೊನೆಯ ಮನೆಯ ನೀರಿನ ಸಂಪಿನೊಳಗೆ ಬಿದ್ದು ತೀರಿಕೊಂಡ. ಅದರ ಮುಚ್ಚಳ ಅರ್ಧ ಸರಿದಿತ್ತಂತೆ. ಅದಾಗಿ 31 ವರ್ಷ ಕಳೆಯಿತು.

ಆ ಮಧ್ಯಾಹ್ನ ನನಗೆ ಕಣ್ಣಿಗೆ ಕಟ್ಟಿದಂತೆ ನೆನಪಿದೆ. ಸಿಮೆಂಟಿನ ನೆಲದ ಮೇಲೆ ಒಂದೇ ಒಂದು ನೀಲಿ ಚಪ್ಪಲಿ ಬಿದ್ದಿತ್ತು, ಅದರ ಪಟ್ಟಿ ಒದ್ದೆಯಾಗಿತ್ತು, ದೊಡ್ಡವರ ಕಾಲುಗಳ ಸಂದಿಯಿಂದ ನಾನು ಅದನ್ನೇ ನೋಡುತ್ತಿದ್ದೆ. ಕಳೆದ ತಿಂಗಳು ಏನೋ ಮಾತಿಗೆ ಇದನ್ನು ಹೇಳಿದಾಗ ಅಕ್ಕ ತಟ್ಟನೆ, "ನೀನೆಲ್ಲಿ ನೋಡಿದೆಯೋ, ಆವತ್ತು ನೀನು ಅಲ್ಲಿ ಇರಲೇ ಇಲ್ಲವಲ್ಲ" ಎಂದಳು. ಅವಳಿಗೆ ಆಗ ಹದಿನಾಲ್ಕು ವರ್ಷ, ನನಗಿಂತ ತಿಳಿವಳಿಕೆ ಬಂದವಳು. ಅವಳ ಮಾತನ್ನು ತಳ್ಳಿಹಾಕಲಾರೆ, ನನ್ನ ಕಣ್ಣನ್ನೂ ನಂಬದೆ ಇರಲಾರೆ.

ಈ ವಿಷಯ ಈಗೇಕೆ ಎಂದರೆ, ಅವನ ತಂದೆತಾಯಿ ಆ ಮನೆಯನ್ನು ಮಾರಿ ಮಗಳ ಹತ್ತಿರ ಹೋಗಿ ಇರುವವರಿದ್ದಾರೆ. ಅವನ ತಾಯಿ ನನ್ನ ಅಮ್ಮನಿಗೆ ಫೋನ್ ಮಾಡಿ, "ನಿಮ್ಮ ಮಗ ಒಮ್ಮೆ ಬಂದು ಹೋಗಲಿ, ಇಬ್ಬರೂ ಒಟ್ಟಿಗೆ ಆಡಿದವರಲ್ಲವೇ" ಎಂದಿದ್ದಾರೆ. ಇಷ್ಟು ವರ್ಷಗಳಲ್ಲಿ ಆ ಬೀದಿಯಲ್ಲಿ ಯಾರೂ ಅವರ ಮುಂದೆ ಅವನ ಹೆಸರೆತ್ತಿದ್ದನ್ನು ನಾನು ಕೇಳಿಲ್ಲ, ನಾನೂ ಎತ್ತಿಲ್ಲ. ಹೋಗಿ ಏನು ಮಾತನಾಡಲಿ? ಕಂಡದ್ದನ್ನು ಹೇಳಬೇಕೇ? ಕಂಡದ್ದೇ ಸುಳ್ಳಾದರೆ?

ಹಳೇಸೈಕಲ್

ಹೋಗಿ ಬನ್ನಿ. ಅವರು ಕರೆದಿರುವುದು ಸಾಕ್ಷಿ ನುಡಿಯುವುದಕ್ಕಲ್ಲ.

ನಿಧಾನಿ

ಹೋಗುವುದು ಸರಿಯೇ, ಆದರೆ ಆ ಚಪ್ಪಲಿಯ ಮಾತನ್ನು ಮಾತ್ರ ಎತ್ತಬೇಡಿ ಎಂಬುದು ನನ್ನ ವಿನಂತಿ. ನೆನಪು ಎಷ್ಟು ಸ್ಪಷ್ಟವಾಗಿದೆಯೋ ಅಷ್ಟು ನಿಜವಾಗಿರಬೇಕು ಎಂದು ನಾವು ಭಾವಿಸುತ್ತೇವೆ. 1977ರಲ್ಲಿ ರೋಜರ್ ಬ್ರೌನ್ ಮತ್ತು ಜೇಮ್ಸ್ ಕುಲಿಕ್ ಎಂಬ ಮನೋವಿಜ್ಞಾನಿಗಳು, ಆಘಾತದ ಸುದ್ದಿ ಕೇಳಿದ ಗಳಿಗೆಯು ಕ್ಯಾಮೆರಾದ ಫ್ಲ್ಯಾಶ್ ಬೆಳಗಿದಂತೆ ಸುತ್ತಲಿನ ಸಣ್ಣಪುಟ್ಟ ವಿವರಗಳ ಸಮೇತ ಮನಸ್ಸಿನಲ್ಲಿ ಅಚ್ಚಾಗುತ್ತದೆ ಎಂದು ವಾದಿಸಿದ್ದರು. 1986ರ ಜನವರಿ 28ರಂದು ಚಾಲೆಂಜರ್ ಗಗನನೌಕೆ ಸಿಡಿದಾಗ ಉಲ್ರಿಕ್ ನೈಸರ್ ಮತ್ತು ನಿಕೋಲ್ ಹಾರ್ಷ್ ಇದನ್ನು ಪರೀಕ್ಷೆಗೆ ಒಡ್ಡಿದರು. ಮರುದಿನ ಬೆಳಿಗ್ಗೆಯೇ ವಿದ್ಯಾರ್ಥಿಗಳಿಂದ, ಸುದ್ದಿ ತಿಳಿದಾಗ ಎಲ್ಲಿದ್ದಿರಿ, ಯಾರು ಹೇಳಿದರು, ಏನು ಮಾಡುತ್ತಿದ್ದಿರಿ ಎಂದು ಬರೆಸಿಕೊಂಡು, ಎರಡೂವರೆ ವರ್ಷದ ನಂತರ 44 ಮಂದಿಯನ್ನು ಮತ್ತೆ ಕೇಳಿದರು. 11 ಮಂದಿಯ ಉತ್ತರ ಮುಖ್ಯ ವಿವರಗಳಲ್ಲಿ ಒಂದಕ್ಕೂ ತಾಳೆಯಾಗಲಿಲ್ಲ. ಅವರದೇ ಕೈಬರಹವನ್ನು ಮುಂದಿಟ್ಟರೂ ಹಳೆಯ ನೆನಪು ಮರಳಲಿಲ್ಲ.

ನೈಸರ್ ತಮ್ಮ ಅನುಭವವನ್ನೇ ಬರೆದಿದ್ದಾರೆ. 1941ರ ಡಿಸೆಂಬರ್ 7ರಂದು ಪರ್ಲ್ ಹಾರ್ಬರ್ ದಾಳಿಯ ಸುದ್ದಿ ಬಂದಾಗ ತಾವು ರೇಡಿಯೊದಲ್ಲಿ ಬೇಸ್‌ಬಾಲ್ ಪಂದ್ಯ ಕೇಳುತ್ತಿದ್ದುದಾಗಿ ಅವರು ದಶಕಗಳ ಕಾಲ ನಂಬಿದ್ದರು. ಡಿಸೆಂಬರಿನಲ್ಲಿ ಬೇಸ್‌ಬಾಲ್ ಪಂದ್ಯಗಳೇ ಇರುವುದಿಲ್ಲ ಎಂಬುದು ಅವರಿಗೆ ಬಹಳ ತಡವಾಗಿ ಹೊಳೆಯಿತು.

ಅಂಕಿಸಂಖ್ಯೆ

ನಿಧಾನಿಯವರು ಅರ್ಧ ಕಥೆ ಹೇಳಿದ್ದಾರೆ, ಉಳಿದರ್ಧವೇ ಸ್ವಾರಸ್ಯವಾಗಿದೆ. 1986ರಲ್ಲಿ ಥಾಂಪ್ಸನ್ ಮತ್ತು ಕೋವನ್ ಎಂಬ ಇಬ್ಬರು ಹಳೆಯ ದಾಖಲೆಗಳನ್ನು ನೋಡಿ, ಆ ದಿನ ರೇಡಿಯೊದಲ್ಲಿ ಜೈಂಟ್ಸ್ ಮತ್ತು ಡಾಡ್ಜರ್ಸ್ ಎಂಬ ಹೆಸರಿನ ತಂಡಗಳ ಫುಟ್‌ಬಾಲ್ ಪಂದ್ಯ ಪ್ರಸಾರವಾಗುತ್ತಿತ್ತು ಎಂದು ತೋರಿಸಿದರು. ಅವೇ ಹೆಸರಿನ ಬೇಸ್‌ಬಾಲ್ ತಂಡಗಳೂ ಇದ್ದವು. ಎಂದರೆ ಹನ್ನೆರಡು ವರ್ಷದ ಆ ಹುಡುಗ ರೇಡಿಯೊ ಕೇಳುತ್ತಿದ್ದುದು ಸುಳ್ಳಾಗಬೇಕಿಲ್ಲ. ಆಟ ಮಾತ್ರ ಬದಲಾಗಿತ್ತು. ನಿಮ್ಮ ಚಪ್ಪಲಿಯೂ ಎಲ್ಲೋ ಇದ್ದ ಚಪ್ಪಲಿಯೇ ಇರಬೇಕು ಎಂದು ನನ್ನ ಊಹೆ. ಎಲ್ಲಿ ಎಂಬುದಷ್ಟೇ ಪ್ರಶ್ನೆ.

ಕಟ್ಟೆಯಜ್ಜ

ಅಪ್ಪಾ, ಆ ತಾಯಿ ಮಗನನ್ನು ಕಳೆದುಕೊಂಡು 31 ವರ್ಷವಾಗಿದೆ, ನೀವು ಇಲ್ಲಿ ಬೇಸ್‌ಬಾಲೋ ಫುಟ್‌ಬಾಲೋ ಎಂದು ಜಗಳವಾಡುತ್ತಿದ್ದೀರಿ.

ಅಂಕಿಸಂಖ್ಯೆ

ಅಜ್ಜಾ, ಅವರು ಕೇಳಿದ್ದೇ ಆ ಪ್ರಶ್ನೆಯನ್ನು. ತಲೆಬರಹವನ್ನು ಇನ್ನೊಮ್ಮೆ ನೋಡಿ.

ಕೊನೇಮನೆಯವಳು

ನಾನು ಇಲ್ಲಿ ಓದುತ್ತೇನೆಯೇ ಹೊರತು ಬರೆಯುವುದು ಕಡಿಮೆ. ಈ ಚರ್ಚೆಯನ್ನು ಓದಿದ ಮೇಲೆ ಎರಡು ದಿನ ನಿದ್ದೆ ಸರಿಯಾಗಿ ಬರಲಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ. ನಿಮ್ಮದು ನಮ್ಮ ಬೀದಿಯಲ್ಲ. ಆದರೆ ನಿಮ್ಮ ಕಥೆಯಲ್ಲಿ ಯಾರೂ ಕೇಳದ ಒಂದು ಮನೆಯಿದೆ, ಅದು ಸಂಪಿನ ಮನೆ. ನಾನು ಅಂಥ ಮನೆಯಲ್ಲಿ ಬೆಳೆದವಳು.

ನಮ್ಮ ಹಿತ್ತಲಿನ ತೊಟ್ಟಿಯಲ್ಲಿ ಪಕ್ಕದ ಮನೆಯ ನಾಲ್ಕು ವರ್ಷದ ಮಗು ಮುಳುಗಿತು. ಅಂದು ಬೆಳಿಗ್ಗೆ ತೊಟ್ಟಿ ತೊಳೆಯಲೆಂದು ನನ್ನ ತಂದೆಯೇ ಹಲಗೆಯನ್ನು ಸರಿಸಿ, ಯಾರೋ ಕರೆದರೆಂದು ಹೊರಗೆ ಹೋಗಿದ್ದರು. ನನಗೆ ಹತ್ತು ವರ್ಷ. ಯಾರೂ ನಮಗೆ ಕಲ್ಲು ಹೊಡೆಯಲಿಲ್ಲ, ಬೈಯಲೂ ಇಲ್ಲ; ಆ ಮಗುವಿನ ತಂದೆ ನನ್ನ ತಂದೆಯ ಹೆಗಲ ಮೇಲೆ ಕೈಯಿಟ್ಟು "ನಿಮ್ಮದೇನೂ ತಪ್ಪಿಲ್ಲ" ಎಂದುದನ್ನು ನಾನೇ ಕಂಡಿದ್ದೇನೆ. ಆದರೆ ಅದಾದ ಮೇಲೆ ನಮ್ಮ ಅಂಗಳಕ್ಕೆ ಬಿದ್ದ ಚೆಂಡನ್ನು ಕೇಳಲು ಯಾವ ಮಗುವೂ ಬರಲಿಲ್ಲ. ಮೊದಲಾದರೆ ಗೋಡೆ ಹಾರಿ ಬಂದು, ಕೇಳದೆಯೇ ತೆಗೆದುಕೊಂಡು ಹೋಗುತ್ತಿದ್ದರು. ಆ ಒಂದು ಬೇಸಿಗೆಯಲ್ಲಿ ಏಳು ಚೆಂಡುಗಳು ಸೇರಿದವು. ಅಮ್ಮ ಅವನ್ನು ಒಂದು ಬುಟ್ಟಿಯಲ್ಲಿ ಹಾಕಿ ಗೇಟಿನ ಹೊರಗೆ ಇಟ್ಟಳು. ಬುಟ್ಟಿ ಮೂರು ದಿನ ಅಲ್ಲೇ ಇತ್ತು. ಮಳೆ ಬಂದ ರಾತ್ರಿ ತಂದೆ ಎದ್ದುಹೋಗಿ ಅದನ್ನು ಒಳಗೆ ತಂದರು. ಎರಡು ವರ್ಷದೊಳಗೆ ನಾವು ಆ ಬೀದಿಯನ್ನು ಬಿಟ್ಟೆವು.

ನನ್ನ ಬಾಲ್ಯದ ನೆನಪು ಎಂದರೆ ಆ ಬುಟ್ಟಿ. ನಿಮ್ಮ ಬೀದಿಯ ಕೊನೆಯ ಮನೆಯವರು ಏನಾದರು ಎಂದು ತಿಳಿಸುವಿರಾ?

ನೇರನುಡಿ

ಮೇಡಂ, ನಿಮ್ಮ ನೋವನ್ನು ಅಲ್ಲಗಳೆಯುವುದಿಲ್ಲ. ಆದರೂ ಮಕ್ಕಳು ಓಡಾಡುವ ಜಾಗದಲ್ಲಿ ತೊಟ್ಟಿಯನ್ನು ತೆರೆದಿಟ್ಟು ಹೋಗುವುದು ತಪ್ಪೇ. ಅದನ್ನು ತಪ್ಪು ಎನ್ನಲು ಹಿಂಜರಿದರೆ ನಾಳೆ ಇನ್ನೊಂದು ಮುಚ್ಚಳ ತೆರೆದೇ ಇರುತ್ತದೆ. ಜಗತ್ತಿನಲ್ಲಿ 2021ರ ಒಂದೇ ವರ್ಷ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು, ಅವರಲ್ಲಿ ಹತ್ತಿರ ಹತ್ತಿರ ಕಾಲುಭಾಗ ಐದು ವರ್ಷದೊಳಗಿನ ಮಕ್ಕಳು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು ಹೇಳುತ್ತದೆ.

ಈಜುಗಾರ

ನೇರನುಡಿಯವರೇ, ಮುಚ್ಚಳದ ಮಾತು ನಿಜ. ಅದರೊಂದಿಗೆ ಇನ್ನೊಂದನ್ನೂ ತಿಳಿದಿರಬೇಕು. ಇಂಥ ಪ್ರತಿ ಬೀದಿಯಲ್ಲೂ "ಅಷ್ಟು ಜನ ಇದ್ದರೂ ಯಾರಿಗೂ ಕೂಗು ಕೇಳಿಸಲಿಲ್ಲವೇ" ಎಂಬ ಮಾತು ವರ್ಷಗಟ್ಟಲೆ ಸುಳಿದಾಡುತ್ತಿರುತ್ತದೆ. ಮುಳುಗುವವರು ಸಾಮಾನ್ಯವಾಗಿ ಕೂಗುವುದಿಲ್ಲ, ಕೂಗಲಾರರು. ಬಾಯಿ ನೀರಿನ ಮೇಲೆ ಬರುವ ಅರೆಗಳಿಗೆ ಉಸಿರೆಳೆದುಕೊಳ್ಳುವುದಕ್ಕೇ ಸಾಲದು. ಕೈಗಳು ನೀರನ್ನು ಕೆಳಕ್ಕೆ ಒತ್ತುವುದರಲ್ಲಿ ತೊಡಗಿರುತ್ತವೆ, ಬೀಸಿ ಕರೆಯಲು ಅವು ಅವರ ಮಾತು ಕೇಳುವುದಿಲ್ಲ. ಫ್ರಾಂಕ್ ಪಿಯಾ ಎಂಬ ಜೀವರಕ್ಷಕರು ಚಿತ್ರೀಕರಣದ ಮೂಲಕ ಇದನ್ನು ಅಧ್ಯಯನ ಮಾಡಿ, ಪೂರ್ತಿ ಮುಳುಗುವ ಮೊದಲಿನ ಈ ಹೋರಾಟ ಸುಮಾರು 20ರಿಂದ 60 ಸೆಕೆಂಡ್ ಮಾತ್ರ ಎಂದು ಗುರುತಿಸಿದರು. ಪಕ್ಕದ ಕೋಣೆಯಲ್ಲಿದ್ದವರಿಗೂ ಕೇಳಿಸದೆ ಇರಬಹುದು. ಕೇಳಿಸಿಕೊಳ್ಳಲಿಲ್ಲ ಎಂಬ ಆರೋಪವನ್ನಾದರೂ ಆ ಬೀದಿಗಳ ಮೇಲಿನಿಂದ ಇಳಿಸೋಣ.

ಮೂರನೇಮನೆ

ಕೊನೇಮನೆಯವಳು ಅವರಿಗೆ: ನೀವು ಕೇಳುವವರೆಗೆ ನಾನು ಅವರ ಬಗ್ಗೆ ಯೋಚಿಸಿಯೇ ಇರಲಿಲ್ಲ, ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಅಮ್ಮನನ್ನು ಕೇಳಿದೆ. ಅವರು ಆರು ತಿಂಗಳಿಗೇ ಮನೆ ಖಾಲಿ ಮಾಡಿದರಂತೆ. ಎಲ್ಲಿಗೆ ಹೋದರೆಂದು ಯಾರೂ ವಿಚಾರಿಸಲಿಲ್ಲವಂತೆ. ಹೋಗುವ ದಿನ ಸಾಮಾನು ಏರಿಸಲು ಬೀದಿಯವರು ಒಬ್ಬರೂ ಕೈ ಹಚ್ಚಲಿಲ್ಲ ಎಂಬುದನ್ನು ಅಮ್ಮ ಬಹಳ ಹೊತ್ತು ಸುಮ್ಮನಿದ್ದು ಆಮೇಲೆ ಹೇಳಿದಳು.

ಗಡಿಯಾರ

ಚೆಂಡಿನ ಬುಟ್ಟಿಯ ಬಗ್ಗೆ ಓದಿದಾಗ ನನಗೆ ಅಬರ್‌ವ್ಯಾನ್ ನೆನಪಾಯಿತು. 1966ರ ಅಕ್ಟೋಬರ್ 21ರ ಬೆಳಿಗ್ಗೆ ವೇಲ್ಸ್‌ನ ಆ ಗಣಿಹಳ್ಳಿಯ ಮೇಲಿನ ಗುಡ್ಡದಲ್ಲಿ ಸುರಿದಿದ್ದ ಕಲ್ಲಿದ್ದಲು ತ್ಯಾಜ್ಯದ ರಾಶಿ ಜಾರಿ ಶಾಲೆಯ ಮೇಲೆ ಬಿತ್ತು. ಸತ್ತ 144 ಮಂದಿಯಲ್ಲಿ 116 ಮಂದಿ ಮಕ್ಕಳು. ಬದುಕಿ ಉಳಿದ ಮಕ್ಕಳು ದೊಡ್ಡವರಾದ ಮೇಲೆ ಹೇಳಿಕೊಂಡಿರುವ ಒಂದು ಸಂಗತಿಯೆಂದರೆ, ಅವರು ಬಹಳ ಕಾಲ ಬೀದಿಯಲ್ಲಿ ಆಡಲೇ ಇಲ್ಲ. ಮಕ್ಕಳನ್ನು ಕಳೆದುಕೊಂಡ ಮನೆಗಳ ಮುಂದೆ ತಾವು ಓಡಾಡಿಕೊಂಡು ಇರುವುದೇ ಆ ತಂದೆತಾಯಂದಿರಿಗೆ ನೋವು ಕೊಡುತ್ತದೆ ಎಂದು ಅವರಿಗೆ ಅನ್ನಿಸುತ್ತಿತ್ತು. 33 ವರ್ಷದ ನಂತರ ಬದುಕುಳಿದ 41 ಮಂದಿಯನ್ನು ಪರೀಕ್ಷಿಸಿದ ವೈದ್ಯರು, ಅವರಲ್ಲಿ 19 ಮಂದಿಗೆ ಒಂದಲ್ಲ ಒಂದು ಕಾಲದಲ್ಲಿ ಆಘಾತೋತ್ತರ ಒತ್ತಡದ ಕಾಯಿಲೆ ಇತ್ತೆಂದು, 12 ಮಂದಿಗೆ ಆಗಲೂ ಇದೆಯೆಂದು ಕಂಡುಕೊಂಡರು. ಅಲ್ಲಿ ತಪ್ಪು ಯಾರದೆಂಬುದು ಸ್ಪಷ್ಟವಿತ್ತು, ಗಣಿಗಳನ್ನು ನಡೆಸುತ್ತಿದ್ದ ರಾಷ್ಟ್ರೀಯ ಕಲ್ಲಿದ್ದಲು ಮಂಡಳಿಯೇ ಹೊಣೆ ಎಂದು ವಿಚಾರಣಾ ಮಂಡಳಿ 1967ರಲ್ಲಿ ತೀರ್ಪಿತ್ತಿತು. ಆದರೂ ಉಳಿದ ಮಕ್ಕಳು ತಾವೇ ತಪ್ಪು ಮಾಡಿದವರಂತೆ ಮನೆಯೊಳಗೆ ಕುಳಿತಿದ್ದರು.

ಇದಕ್ಕಿಂತ ನಿಮ್ಮ ಬೀದಿಗೆ ಹತ್ತಿರವಾದದ್ದು ಅಮೆರಿಕದ ಬಫಲೋ ಕ್ರೀಕ್ ಕಣಿವೆ. 1972ರ ಫೆಬ್ರುವರಿ 26ರಂದು ಗಣಿಯ ಕೆಸರು ನೀರಿನ ಕಟ್ಟೆ ಒಡೆದು 125 ಮಂದಿ ಸತ್ತರು, ಸುಮಾರು 4,000 ಮಂದಿ ಮನೆ ಕಳೆದುಕೊಂಡರು. ಅವರನ್ನು ತಾತ್ಕಾಲಿಕ ವಸತಿಗಳಲ್ಲಿ ಇಡುವಾಗ ಯಾರ ಪಕ್ಕದಲ್ಲಿ ಯಾರಿದ್ದರು ಎಂಬುದನ್ನು ನೋಡಲಿಲ್ಲ. ಕಾಯ್ ಎರಿಕ್ಸನ್ ಎಂಬ ಸಮಾಜಶಾಸ್ತ್ರಜ್ಞರು ಆ ಜನರೊಡನೆ ಮಾತನಾಡಿ, ಅವರಿಗೆ ಎರಡು ಪೆಟ್ಟು ಬಿದ್ದಿದೆ ಎಂದರು. ಒಂದು, ಪ್ರವಾಹ ಮನುಷ್ಯನೊಬ್ಬನಿಗೆ ಕೊಟ್ಟ ಪೆಟ್ಟು. ಇನ್ನೊಂದು, ನೆರೆಹೊರೆಯೇ ಕಳಚಿಬಿದ್ದ ಪೆಟ್ಟು. ಇದು ನಿಧಾನವಾಗಿ ಇಳಿಯುತ್ತದೆ, ಇದರಿಂದ ನರಳುವವರಿಗೆ ತಾವು ನರಳುತ್ತಿರುವುದು ಯಾಕೆಂದೇ ಹೊಳೆಯುವುದಿಲ್ಲ. ನಿಮ್ಮ ಬೀದಿಯಲ್ಲಿ ನೀರಿಗೆ ಬಿದ್ದದ್ದು ಒಬ್ಬ ಹುಡುಗ, ಆದರೆ ಹನ್ನೊಂದು ಮನೆಗಳ ಬಾಗಿಲುಗಳು ಒಂದೊಂದಾಗಿ ಮುಚ್ಚಿದ್ದು ನಿಮ್ಮಲ್ಲಿ ಎಷ್ಟು ಜನರಿಗೆ ನೆನಪಿದೆ?

ತಂಗಾಳಿ

ತಪ್ಪೆಲ್ಲ ಆಗಿನ ದೊಡ್ಡವರದು. ಮರುದಿನವೇ ಬೀದಿಯ ಮಕ್ಕಳನ್ನೆಲ್ಲ ಕೂರಿಸಿಕೊಂಡು, ಕಂಡದ್ದನ್ನೆಲ್ಲ ಅವರ ಬಾಯಿಂದ ಹೇಳಿಸಿ, ಮನಸ್ಸು ಹಗುರ ಮಾಡಬೇಕಿತ್ತು.

ಮಕ್ಕಳಗೆಳತಿ

ತಂಗಾಳಿಯವರೇ, ನಾನು ಹದಿನೆಂಟು ವರ್ಷದಿಂದ ಮಕ್ಕಳ ಆಪ್ತಸಮಾಲೋಚನೆಯ ಕೆಲಸದಲ್ಲಿದ್ದೇನೆ, ನಿಮ್ಮ ಮಾತಿಗೆ ಅರ್ಧ ಒಪ್ಪಿಗೆ ಮಾತ್ರ ಕೊಡಬಲ್ಲೆ. ದುರಂತವಾದ ಕೂಡಲೇ ಎಲ್ಲರನ್ನೂ ಕೂರಿಸಿ ಒಂದೇ ಸಲ ಬಾಯಿಬಿಡಿಸುವ ಪದ್ಧತಿ ಒಂದು ಕಾಲದಲ್ಲಿ ಬಹಳ ಪ್ರಚಾರದಲ್ಲಿತ್ತು. 2002ರಲ್ಲಿ ಕಾಕ್ರೇನ್ ಸಂಸ್ಥೆ ಅದರ ಮೇಲಿನ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಪರಿಶೀಲಿಸಿ, ಅದರಿಂದ ಮುಂದಿನ ಕಾಯಿಲೆ ತಪ್ಪುತ್ತದೆ ಎನ್ನಲು ಆಧಾರವಿಲ್ಲ, ಕೆಲವರಿಗೆ ಕೆಡುಕೂ ಆಗಬಹುದು ಎಂದು ಹೇಳಿ, ಕಡ್ಡಾಯವಾಗಿ ಹಾಗೆ ಮಾಡುವುದನ್ನು ನಿಲ್ಲಿಸಲು ಸೂಚಿಸಿತು. ಮಕ್ಕಳಿಂದ ಹೇಳಿಸುವುದು ಬೇರೆ, ಮಕ್ಕಳಿಗೆ ಹೇಳುವುದು ಬೇರೆ. ಎರಡನೆಯದು ಆಗಲೇಬೇಕು.

ಕಾರಣವಿಷ್ಟು. 1948ರಲ್ಲಿ ಮಾರಿಯಾ ನಾಗಿ ಅವರು ಬುಡಾಪೆಸ್ಟ್ ಸುತ್ತಮುತ್ತಲ 378 ಮಕ್ಕಳನ್ನು ಮಾತನಾಡಿಸಿ ಬರೆದ ಅಧ್ಯಯನದ ಪ್ರಕಾರ, ಐದು ವರ್ಷದೊಳಗಿನವರಿಗೆ ಸಾವೆಂದರೆ ಎಲ್ಲಿಗೋ ಹೋಗಿರುವುದು. ಐದರಿಂದ ಒಂಬತ್ತರವರಿಗೆ ಅದು ಯಾರೋ ಬಂದು ಹಿಡಿದುಕೊಂಡು ಹೋಗುವಂಥದ್ದು, ಜಾಣರಾದರೆ ತಪ್ಪಿಸಿಕೊಳ್ಳಬಹುದು. ಒಂಬತ್ತು ದಾಟಿದ ಮೇಲೆ ಅದು ಎಲ್ಲರಿಗೂ ಬರುವ, ಮರಳಿ ಬಾರದ ಸಂಗತಿ. ವಯಸ್ಸಿನ ಗೆರೆಗಳನ್ನು ನಂತರದವರು ತಿದ್ದಿದ್ದಾರೆ. ಆದರೆ ನಡುವಿನ ವಯಸ್ಸಿನ ಮಕ್ಕಳು "ಅವನು ಏನು ತಪ್ಪು ಮಾಡಿದ, ನಾನು ಏನು ತಪ್ಪು ಮಾಡಿದೆ" ಎಂದು ಲೆಕ್ಕ ಹಾಕುವುದನ್ನು ನಾನು ಈಗಲೂ ಕಾಣುತ್ತೇನೆ. ಯಾರೂ ಏನನ್ನೂ ಹೇಳದಿದ್ದಾಗ ಮಗು ಆ ಜಾಗವನ್ನು ತಾನೇ ತುಂಬಿಕೊಳ್ಳುತ್ತದೆ. ಮೂರನೇಮನೆ ಸರ್, ಒಂದು ಮಾತು ಕೇಳುತ್ತೇನೆ, ಬೇಡವೆನಿಸಿದರೆ ಉತ್ತರಿಸಬೇಡಿ. ಆ ಹುಡುಗನ ವಿಷಯದಲ್ಲಿ ನಿಮ್ಮನ್ನು ಕಾಡುತ್ತಿರುವುದು ಚಪ್ಪಲಿ ಮಾತ್ರವೇ?

ಮೂರನೇಮನೆ

ಅಲ್ಲ.

ಅವನ ಒಂದು ವಸ್ತು ನನ್ನ ಬಳಿ ಉಳಿದುಬಿಟ್ಟಿದೆ. ಅಂಗೈಯಷ್ಟು ಅಗಲದ ಭೂತಗನ್ನಡಿ, ಸುತ್ತ ಹಿತ್ತಾಳೆಯ ಪಟ್ಟಿ, ಹಿಡಿ ಮುರಿದಿದೆ. ಹಿಂದಿನ ಸಂಜೆ ಕಿಟಕಿಯ ಸರಳುಗಳ ನಡುವೆ ಕೈ ತೂರಿಸಿ ಕೊಟ್ಟು, "ಇರುವೆ ನೋಡು, ನಾಳೆ ವಾಪಸು ಕೊಡು" ಎಂದಿದ್ದ. ಸರಳಿಗೆ ಉಜ್ಜಿ ಹಿತ್ತಾಳೆಯ ಮೇಲೆ ಬಿದ್ದ ಗೀರು ಈಗಲೂ ಹಾಗೆಯೇ ಇದೆ. ಮರುದಿನ ಅವನು ಇರಲಿಲ್ಲ. ಅದನ್ನು ಯಾರಿಗೆ ಕೊಡಬೇಕೆಂದು ತಿಳಿಯಲಿಲ್ಲ, ಆಮೇಲೆ ಕೊಟ್ಟರೆ ಇಷ್ಟು ದಿನ ಯಾಕೆ ಇಟ್ಟುಕೊಂಡೆ ಎನ್ನುತ್ತಾರೆಂದು ಭಯವಾಯಿತು, ಆಮೇಲೆ ಅದು ಕಳ್ಳಮಾಲಿನಂತೆ ಮನೆಯಿಂದ ಮನೆಗೆ, ಮೇಜಿನಿಂದ ಮೇಜಿಗೆ ನನ್ನ ಜೊತೆ ಬಂದಿದೆ. ಅದನ್ನು ಹುಡುಕಿಕೊಂಡು ಅವನು ಕೊನೆಯ ಮನೆಯವರೆಗೆ ಹೋಗಿರಬಹುದೇ ಎಂದು ಎಷ್ಟೋ ವರ್ಷ ಯೋಚಿಸಿದ್ದೇನೆ. ನನ್ನ ಹೆಂಡತಿಗೂ ಇದನ್ನು ಹೇಳಿಲ್ಲ.

ಹಳೇಸೈಕಲ್

ಸರ್, ಒಂದು ಸಣ್ಣ ಅನುಮಾನ. ಬಾಗಿಲಿಗೆ ಚಿಲಕವೇ ಬೀಳದ ಬೀದಿ ಎಂದಿರಿ. ಹಾಗಿದ್ದರೆ ಅವನು ಒಳಗೆ ಬಾರದೆ ಕಿಟಕಿಯಿಂದ ಏಕೆ ಕೊಟ್ಟ?

ಅಂಕಿಸಂಖ್ಯೆ

ಭಲೇ, ಹಳೇಸೈಕಲ್. ನಾನು ಇದನ್ನು ಮೂರು ಸಲ ಓದಿದರೂ ನನಗೆ ಹೊಳೆಯಲಿಲ್ಲ.

ಮೂರನೇಮನೆ

ನನಗೆ ಮಂಗನಬಾವು ಆಗಿತ್ತು.

ಹೌದು. ಎರಡೂ ಕೆನ್ನೆ ಊದಿ, ಬೇರೆ ಮಕ್ಕಳಿಗೆ ಹರಡೀತೆಂದು ಅಮ್ಮ ನನ್ನನ್ನು ಮುಂದಿನ ಕೋಣೆಯಲ್ಲಿ ಮಲಗಿಸಿದ್ದಳು, ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ಅದಕ್ಕೇ ಕಿಟಕಿ. ಇಷ್ಟು ವರ್ಷ ಭೂತಗನ್ನಡಿಯ ನೆನಪು ಒಂದು ಕಡೆ ಇತ್ತು, ಚಪ್ಪಲಿಯ ನೆನಪು ಇನ್ನೊಂದು ಕಡೆ ಇತ್ತು. ಎರಡೂ ಅಕ್ಕಪಕ್ಕದ ದಿನಗಳೆಂದು ನಾನು ಒಮ್ಮೆಯೂ ಜೋಡಿಸಿ ನೋಡಿರಲಿಲ್ಲ. ಹಿಂದಿನ ಸಂಜೆ ಕೋಣೆಯಿಂದ ಹೊರಬರಲಾಗದವನು ಮರುದಿನ ಮಧ್ಯಾಹ್ನ ಬೀದಿಯ ಕೊನೆಯಲ್ಲಿ ನಿಂತಿರಲು ಸಾಧ್ಯವಿಲ್ಲ. ಅಕ್ಕ ಹೇಳಿದ್ದೇ ಸರಿ.

ನಿಧಾನಿ

ಹಾಗಾದರೆ ಚಪ್ಪಲಿಯನ್ನು ನಿಮಗೆ ಕೊಟ್ಟವರು ಯಾರೋ ಇದ್ದಾರೆ. ನಾವು ಕೇಳಿದ್ದಕ್ಕೂ ಕಂಡದ್ದಕ್ಕೂ ಮನಸ್ಸಿನಲ್ಲಿ ಬೇರೆ ಬೇರೆ ಮೊಹರು ಬೀಳುವುದಿಲ್ಲ. ಚಿತ್ರ ಉಳಿಯುತ್ತದೆ, ಅದು ಎಲ್ಲಿಂದ ಬಂತೆಂಬುದು ಅಳಿಸಿಹೋಗುತ್ತದೆ. ಅಕ್ಕನನ್ನೇ ಕೇಳಿ. ಅವರು ಅಂದು ಎಲ್ಲಿದ್ದರು?

ಮಕ್ಕಳಗೆಳತಿ

ಕೇಳಿ, ಆದರೆ ಮೆಲ್ಲಗೆ ಕೇಳಿ. ಭೂತಗನ್ನಡಿಯನ್ನು ಹುಡುಕಿಕೊಂಡು ಹೋಗಿರಬಹುದು ಎಂಬ ನಿಮ್ಮ ಯೋಚನೆಯ ಬಗ್ಗೆಯೂ ಒಂದು ಮಾತು. 1976ರಲ್ಲಿ ಕ್ಯಾಲಿಫೋರ್ನಿಯಾದ ಚೌಚಿಲಾದಲ್ಲಿ ಶಾಲಾ ಬಸ್ಸಿನ 26 ಮಕ್ಕಳನ್ನು ಚಾಲಕನ ಸಮೇತ ಅಪಹರಿಸಿ, ಕಲ್ಲುಕ್ವಾರಿಯೊಂದರಲ್ಲಿ ಹೂತಿದ್ದ ಲಾರಿಯ ಡಬ್ಬದೊಳಗೆ ಕೂಡಿಹಾಕಿದ್ದರು. ಎಲ್ಲರೂ ಪಾರಾಗಿ ಬಂದರು. ಆ ಮಕ್ಕಳನ್ನು ವರ್ಷಗಟ್ಟಲೆ ಮಾತನಾಡಿಸಿದ ಮನೋವೈದ್ಯೆ ಲೆನೋರ್ ಟೆರ್, ಅವರಲ್ಲಿ ಅನೇಕರು ಅದಕ್ಕೂ ಮೊದಲು ನಡೆದ ಯಾವುದೋ ಸಂಬಂಧವಿಲ್ಲದ ಸಣ್ಣ ಸಂಗತಿಯನ್ನು ಹಿಡಿದುಕೊಂಡು, ಅದೇ ಮುನ್ಸೂಚನೆಯಾಗಿತ್ತು, ಅದನ್ನು ಗಮನಿಸಿದ್ದರೆ ತಪ್ಪಿಸಬಹುದಿತ್ತು ಎಂದು ನಂಬಿದ್ದನ್ನು ದಾಖಲಿಸಿದ್ದಾರೆ. ಕಾರಣವೇ ಇಲ್ಲದೆ ಆದದ್ದು ಎನ್ನುವುದಕ್ಕಿಂತ ತನ್ನಿಂದಲೇ ಆದದ್ದು ಎನ್ನುವುದನ್ನು ಮಕ್ಕಳು ಸುಲಭವಾಗಿ ಹೊರುತ್ತಾರೆ.

ನೇರನುಡಿ

ಇರಲಿ, ಆದರೆ ಆ ಕನ್ನಡಿಯನ್ನು ತೆಗೆದುಕೊಂಡು ಹೋಗಬೇಡಿ. ಮನೆಯ ಸಾಮಾನು ಕಟ್ಟಿಕೊಂಡು ಹೊರಟಿರುವ ಮುದಿವಯಸ್ಸಿನ ಜೀವಗಳ ಕೈಗೆ ಈಗ ಅದನ್ನು ಇಟ್ಟರೆ ನಿಮ್ಮ ಭಾರ ಇಳಿಯಬಹುದು, ಅವರದು ಏರುತ್ತದೆ.

ಕಟ್ಟೆಯಜ್ಜ

ನಾನು ಮಗಳನ್ನು ಕಳೆದುಕೊಂಡವನು, ಅವಳಿಗೆ ಹನ್ನೊಂದು ವರ್ಷವಾಗಿತ್ತು. ಇದುವರೆಗೆ ಇಲ್ಲಿ ಹೇಳಿರಲಿಲ್ಲ. ಜನ ನನ್ನ ಮುಂದೆ ಅವಳ ಮಾತು ಎತ್ತುವುದಿಲ್ಲ, ಎತ್ತಿದರೆ ನನಗೆ ನೆನಪಾಗುತ್ತದಂತೆ. ಮರೆತಿದ್ದರೆ ತಾನೇ ನೆನಪಾಗಲು? ಅವಳ ಗೆಳತಿಯೊಬ್ಬಳು ಅವಳ ಮುರಿದ ಪೆನ್ಸಿಲ್ ತುಂಡು ತಂದುಕೊಟ್ಟರೂ ನಾನು ಎರಡು ಕೈಯಲ್ಲಿ ಇಸಿದುಕೊಳ್ಳುತ್ತೇನೆ. ಕೊಂಡುಹೋಗಪ್ಪ.

ಗಡಿಯಾರ

ಅಜ್ಜನವರ ಮಾತು ಅವರೊಬ್ಬರದಲ್ಲ. 1968ರಲ್ಲಿ ಇಂಗ್ಲೆಂಡಿನ ಕೊವೆಂಟ್ರಿಯ ಒಂದೇ ಆಸ್ಪತ್ರೆಯಲ್ಲಿ ಕೆಲವೇ ದಿನಗಳ ಅಂತರದಲ್ಲಿ ಮಕ್ಕಳನ್ನು ಕಳೆದುಕೊಂಡ ಎರಡು ಕುಟುಂಬಗಳಿಗೆ, ವೈದ್ಯರೂ ಬಂಧುಗಳೂ ಕೊಡಲಾಗದ ಸಮಾಧಾನ ಪರಸ್ಪರರಲ್ಲಿ ಸಿಕ್ಕಿತು. ಮರುವರ್ಷ ಅದರಿಂದಲೇ ಅಂಥ ತಂದೆತಾಯಂದಿರ ಒಂದು ಸಂಘ ಹುಟ್ಟಿ, ಈಗ ಅನೇಕ ದೇಶಗಳಿಗೆ ಹರಡಿದೆ. ಅಲ್ಲಿ ಸೇರುವವರು ಮಾಡುವ ಮೊದಲ ಕೆಲಸ ತಮ್ಮ ಮಗುವಿನ ಹೆಸರು ಹೇಳುವುದು.

ಮೂರನೇಮನೆ

ಅಕ್ಕನಿಗೆ ಫೋನ್ ಮಾಡಿದ್ದೆ. ನೀಲಿ ಚಪ್ಪಲಿ ಅವಳದು.

ಕೂಗಾಟ ಕೇಳಿ ಅವಳು ಓಡಿಹೋಗಿದ್ದಳಂತೆ. ಅವನನ್ನು ಮೇಲಕ್ಕೆ ಎತ್ತುವಾಗ ಅವಳು ಅಂಚಿನಲ್ಲೇ ಇದ್ದಳು. ಯಾರೋ "ಹಿಡಿ" ಎಂದು ಒಂದು ಕಾಲನ್ನು ಅವಳ ಕೈಗೆ ಕೊಟ್ಟರಂತೆ, ಹದಿನಾಲ್ಕು ವರ್ಷದ ಹುಡುಗಿಯೆಂದು ಆ ಗಡಿಬಿಡಿಯಲ್ಲಿ ಯಾರೂ ನೋಡಲಿಲ್ಲ. ಒಂದು ಚಪ್ಪಲಿ ಅಲ್ಲೇ ಎಲ್ಲೋ ಉಳಿಯಿತು. ಇನ್ನೊಂದನ್ನು ಮೆಟ್ಟಿಕೊಂಡು ಮನೆಗೆ ಬಂದು, ನಾನು ಮಲಗಿದ್ದ ಕೋಣೆಯ ಬಾಗಿಲಲ್ಲಿ ಬಿಟ್ಟು, ನಿಂತಲ್ಲೇ ನಿಂತಿದ್ದಳು. ಅಮ್ಮನೂ ಅಕ್ಕಪಕ್ಕದವರೂ ಅವಳ ಸುತ್ತ ಸೇರಿದರು. ನೆಲದ ಮೇಲಿನ ಹಾಸಿಗೆಯಿಂದ ನಾನು ನೋಡಿದ್ದು ಅವರ ಕಾಲುಗಳನ್ನು.

"ನಿನ್ನನ್ನು ಯಾರಾದರೂ ಕೇಳಿದರೇ?" ಎಂದೆ. ಅವಳು, "ಏನೆಂದು ಕೇಳುತ್ತಾರೆ, ಹೊಸ ಚಪ್ಪಲಿ ಕೊಡಿಸಿದರು" ಎಂದಳು. ಆ ಮೇಲೆ ಇಬ್ಬರೂ ಫೋನ್ ಇಡದೆ ಸುಮ್ಮನೆ ಇದ್ದೆವು.

ಭಾನುವಾರ ಅವಳೂ ನನ್ನ ಜೊತೆ ಬರುತ್ತಾಳೆ.

ಕೊನೇಮನೆಯವಳು

ಅವರಿಗೆ ನನ್ನ ನಮಸ್ಕಾರ ತಿಳಿಸಿ. ಹೆಸರು ಬೇಡ, ಸುಮ್ಮನೆ ಒಬ್ಬರು ಹೇಳಿದರೆನ್ನಿ.

ತಂಗಾಳಿ

ಭಾನುವಾರ ಕಳೆದು ನಾಲ್ಕು ದಿನವಾಯಿತು. ಒತ್ತಾಯವಿಲ್ಲ, ಆದರೆ ನಾವೆಲ್ಲ ಕಾಯುತ್ತಿದ್ದೇವೆ.

ಮೂರನೇಮನೆ

ಹೋಗಿ ಬಂದೆವು. ಬರೆಯಲು ಕುಳಿತರೆ ಏನೂ ನಡೆಯಲಿಲ್ಲವಲ್ಲ ಎನಿಸುತ್ತದೆ.

ಸಾಮಾನು ಅರ್ಧ ಕಟ್ಟಿತ್ತು. ಅವನ ತಂದೆಗೆ ಕಿವಿ ಸರಿಯಾಗಿ ಕೇಳಿಸುವುದಿಲ್ಲ, ನಗುತ್ತ ಕುಳಿತಿದ್ದರು. ತಾಯಿ ಅಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡು, "ನೀನು ಅವನ ಕಾಲು ಹಿಡಿದಿದ್ದೆ, ನಾನು ನೋಡಿದ್ದೆ" ಎಂದರು. ನಾವು ಹೇಳುವುದೋ ಬಿಡುವುದೋ ಎಂದು ದಾರಿಯುದ್ದಕ್ಕೂ ತಲೆ ಕೆಡಿಸಿಕೊಂಡಿದ್ದ ಮಾತು ಅವರ ಬಾಯಿಂದಲೇ ಬಂತು. ಅಕ್ಕ ಅತ್ತಳು. ಅವರು ಅಳಲಿಲ್ಲ, ಅವಳ ಬೆನ್ನು ಸವರುತ್ತ, ಕೊನೆಯ ಮನೆಯವರು ಹೋದ ವರ್ಷದವರೆಗೂ ತಮಗೆ ಪತ್ರ ಬರೆಯುತ್ತಿದ್ದರೆಂದು ಹೇಳಿದರು. ಇದು ಬೀದಿಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಆಮೇಲೆ ಭೂತಗನ್ನಡಿಯನ್ನು ತೆಗೆದು ಕೊಟ್ಟೆ. ಸಂಜೆ, ಕಿಟಕಿ, ಇರುವೆ, ಎಲ್ಲವನ್ನೂ ಹೇಳಿದೆ. ಅವರು ಅದನ್ನು ಬೆಳಕಿಗೆ ಹಿಡಿದರು, ತಿರುಗಿಸಿದರು, ಗೀರಿನ ಮೇಲೆ ಉಗುರು ಆಡಿಸಿದರು. "ಇದು ನಮ್ಮ ಮನೆಯದಲ್ಲವಲ್ಲಪ್ಪ" ಎಂದರು. ಗಂಡನ ಕಿವಿಯ ಹತ್ತಿರ ಗಟ್ಟಿಯಾಗಿ ಕೂಗಿ ಕೇಳಿದರು. ಅವರೂ ತಲೆ ಅಲ್ಲಾಡಿಸಿದರು. ಸ್ವಲ್ಪ ಹೊತ್ತಿನ ನಂತರ ಅವರಿಗೆ ನಗು ಬಂತು. "ಯಾರ ಮನೆಯಿಂದಲೋ ಎತ್ತಿಕೊಂಡು ಬಂದಿದ್ದಾನೆ ಕಳ್ಳ" ಎಂದು ನಕ್ಕು ಅವನ ಹೆಸರು ಹೇಳಿದರು, ಬೈಯುವಾಗ ಹೇಳುವಂತೆ ಪೂರ್ತಿ ಹೆಸರು.

ಹಳೇಸೈಕಲ್

ಹಾಗಾದರೆ ಆ ಕನ್ನಡಿ ಈಗ ಯಾರ ಬಳಿ ಇದೆ?

ಮೂರನೇಮನೆ

ನನ್ನ ಬಳಿಯೇ. ಹೊರಡುವಾಗ ಅವರೇ ನನ್ನ ಜೇಬಿಗೆ ಹಾಕಿ, ಯಾರದೆಂದು ತಿಳಿದರೆ ಕೊಟ್ಟುಬಿಡು ಎಂದರು. ಹನ್ನೊಂದು ಮನೆಗಳಲ್ಲಿ ನಾಲ್ಕು ಮನೆಯವರಿಗೆ ಫೋನ್ ಮಾಡಿ ಆಯಿತು, ಅವರದಲ್ಲವಂತೆ. ಕೊನೆಯ ಮನೆಯವರ ವಿಳಾಸವನ್ನು ಅವರಿಂದ ಬರೆದುಕೊಂಡು ಬಂದಿದ್ದೇನೆ.